ಕುಮಾರ ಪರ್ವತ: ಹತ್ತುವ ಮುನ್ನ ಪದೇ ಪದೇ ಕೇಳುವ ಪ್ರಶ್ನೆಗಳು

ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋದವರೆಲ್ಲ ಊರಿನ ಬೆನ್ನಿಗೆ ಮೋಡ ಹೊದ್ದು ನಿಂತ ಬೆಟ್ಟಸಾಲನ್ನು ನೋಡಿರುತ್ತೀರಿ. ಅದನ್ನು ಹತ್ತಬೇಕು ಅನ್ನಿಸಿದವರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ ಥರ ಇರುತ್ತವೆ. ದಾರಿ, ನೀರು, ಅನುಮತಿ, ಇಂಬಳ (ಕಾಡಿನ ಜಿಗಣೆ), ಜೊತೆಗೆ ಬೆಟ್ಟದ ಕಥೆ, ಅಲ್ಲಿನ ಜನ, ಎಲ್ಲವನ್ನೂ ಇಲ್ಲಿ ಸೇರಿಸಿದ್ದೇನೆ. ಉತ್ತರಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: ಬೆಳಗ್ಗೆ ಬೇಗ ಹೊರಡಿ, ಹೊತ್ತು ನೋಡಿ ತಿರುಗಿ. ಈ ಬೆಟ್ಟದಲ್ಲಿ ತೊಂದರೆಗೆ ಸಿಕ್ಕಿದವರಲ್ಲಿ ಜಾಸ್ತಿ ಜನ ಕತ್ತಲಿಗೆ ಸಿಕ್ಕಿದವರೇ.

ಕುಮಾರ ಪರ್ವತ ಯಾವ ಜಿಲ್ಲೆಯಲ್ಲಿದೆ? ದಕ್ಷಿಣ ಕನ್ನಡವೋ, ಕೊಡಗೋ?

ತುದಿ ಇರುವುದು ಕೊಡಗಿನ ಸೋಮವಾರಪೇಟೆ ತಾಲ್ಲೂಕಿನಲ್ಲಿ. ಆದರೆ ಹೆಚ್ಚಿನವರು ಹತ್ತುವುದು ದಕ್ಷಿಣ ಕನ್ನಡದ ಸುಬ್ರಹ್ಮಣ್ಯದಿಂದ. ಬೆಟ್ಟದ ಉತ್ತರಕ್ಕೆ ಹಾಸನ ಜಿಲ್ಲೆಯ ಬಿಸಿಲೆ ಕಾಡು. ಹಾಗಾಗಿ ಮೂರು ಜಿಲ್ಲೆಯವರೂ "ನಮ್ಮ ಬೆಟ್ಟ" ಎನ್ನುತ್ತಾರೆ, ಮೂವರ ಮಾತೂ ಸರಿಯೇ.

ಪುಷ್ಪಗಿರಿ ಅಂದರೆ ಬೇರೆ ಬೆಟ್ಟವಾ?

ಅಲ್ಲ, ಎರಡೂ ಒಂದೇ. ಘಟ್ಟದ ಕೆಳಗಿನವರು ಕುಮಾರ ಪರ್ವತ ಎನ್ನುತ್ತಾರೆ, ಕೊಡಗಿನ ಕಡೆಯವರು ಪುಷ್ಪಗಿರಿ ಎನ್ನುತ್ತಾರೆ. ಚಾರಣಿಗರ ಬಾಯಲ್ಲಿ ಅದು ಬರೀ "ಕೆಪಿ". ಸುತ್ತಲಿನ ಅಭಯಾರಣ್ಯಕ್ಕೆ ಪುಷ್ಪಗಿರಿ ವನ್ಯಜೀವಿಧಾಮ ಎಂದು ಹೆಸರು. ಸುಮಾರು 102 ಚದರ ಕಿಲೋಮೀಟರ್ ವಿಸ್ತಾರದ ಕಾಡು ಅದು. 2012ರಲ್ಲಿ ಯುನೆಸ್ಕೋ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತಲ್ಲ, ಅದರಲ್ಲಿ ಪುಷ್ಪಗಿರಿಯೂ ಒಂದು.

ಎತ್ತರ 1,712 ಮೀಟರ್ ಅಷ್ಟೇ. ಮುಳ್ಳಯ್ಯನಗಿರಿ ಇದಕ್ಕಿಂತ ಎತ್ತರ ಅಲ್ವಾ? ಮತ್ತೆ ಇದನ್ನೇ ಯಾಕೆ ಕಷ್ಟ ಅಂತಾರೆ?

ಮುಳ್ಳಯ್ಯನಗಿರಿ 1,930 ಮೀಟರ್, ರಾಜ್ಯದಲ್ಲೇ ಎತ್ತರದ ಶಿಖರ. ಕೊಡಗಿನ ಒಳಗೂ ತಡಿಯಂಡಮೋಳ್ 1,748 ಮೀಟರ್ ಇದ್ದು, ಕುಮಾರ ಪರ್ವತ ಎರಡನೆಯದು. ಆದರೆ ಬೆಟ್ಟದ ಕಷ್ಟ ಅಳೆಯಬೇಕಾದ್ದು ತುದಿಯ ಎತ್ತರದಿಂದ ಅಲ್ಲ, ನೀವು ಕಾಲಿಡುವ ಜಾಗದ ಎತ್ತರದಿಂದ. ಮುಳ್ಳಯ್ಯನಗಿರಿಯಲ್ಲಿ ಗಾಡಿಯೇ ನಿಮ್ಮನ್ನು ತುದಿಯ ಹತ್ತಿರಕ್ಕೆ ಮುಟ್ಟಿಸುತ್ತದೆ. ಸುಬ್ರಹ್ಮಣ್ಯ ಊರು ಸಮುದ್ರ ಮಟ್ಟದಿಂದ ನೂರು, ನೂರೈವತ್ತು ಮೀಟರ್ ಮೇಲಿದೆ ಅಷ್ಟೇ. ಅಂದರೆ ಇಲ್ಲಿ ಸುಮಾರು 1,600 ಮೀಟರ್ ಏರಿಕೆಯನ್ನು ನಿಮ್ಮ ಕಾಲೇ ಏರಬೇಕು. ಕರ್ನಾಟಕದಲ್ಲಿ ಒಂದೇ ದಾರಿಯಲ್ಲಿ ಇಷ್ಟು ಏರಿಸುವ ಚಾರಣಗಳು ತೀರಾ ಕಡಿಮೆ.

ಇದಕ್ಕೆ ಕಾರಣ ಘಟ್ಟದ ಆಕಾರ. ಸಹ್ಯಾದ್ರಿ ಪಡುವಣಕ್ಕೆ ಕಡಿದು ನಿಂತಿದೆ, ಮೂಡಣಕ್ಕೆ ನಿಧಾನವಾಗಿ ಇಳಿಯುತ್ತದೆ. ಕುಕ್ಕೆಯಿಂದ ಹತ್ತುವವರು ಕಡಿದಾದ ಮೈಯನ್ನು ಹತ್ತುತ್ತಾರೆ. ಕಾಲ ಕೆಳಗಿನ ಬಂಡೆ ಬಹಳ ಹಳೆಯದು, 250 ಕೋಟಿ ವರ್ಷಕ್ಕೂ ಹಿಂದಿನದು. ಈಗ ಕಾಣುವ ಕಡಿದಾದ ಅಂಚು ಮಾತ್ರ ಅದಕ್ಕಿಂತ ಎಷ್ಟೋ ಈಚಿನದು. ಮಡಗಾಸ್ಕರ್ ನೆಲ ಭಾರತದಿಂದ ಬೇರೆಯಾಗಿ ಸರಿದು ಹೋದ ಮೇಲೆ ರೂಪುಗೊಂಡದ್ದು.

ಹತ್ತಲು ಎಷ್ಟು ದಾರಿಗಳಿವೆ? ಮೊದಲ ಸಲ ಹೋಗುವವರಿಗೆ ಯಾವುದು ಒಳ್ಳೆಯದು?

ಮುಖ್ಯವಾಗಿ ಎರಡು. ಒಂದು ಕುಕ್ಕೆಯಿಂದ, ಒಂದು ಕಡೆಗೆ ಸುಮಾರು 13 ಕಿಲೋಮೀಟರ್. ಇನ್ನೊಂದು ಸೋಮವಾರಪೇಟೆ ಕಡೆಯ ಬೀದಳ್ಳಿ, ಹೆಗ್ಗಡಮನೆಯಿಂದ, ಸುಮಾರು 7 ಕಿಲೋಮೀಟರ್. ಎರಡನೆಯದು ಘಟ್ಟದ ಮೇಲಿಂದಲೇ ಶುರುವಾಗುವುದರಿಂದ ಏರಿಕೆಯೂ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ಮೊದಲ ಸಲ ಹೋಗುವವರಿಗೆ, ಮಕ್ಕಳು ಜೊತೆಗಿದ್ದರೆ, ವರ್ಷಕ್ಕೊಮ್ಮೆ ಮಾತ್ರ ಬೆಟ್ಟ ಹತ್ತುವ ಅಭ್ಯಾಸವಿದ್ದರೆ, ನನ್ನ ಸಲಹೆ ಸೋಮವಾರಪೇಟೆ ಕಡೆಯದು. ಕುಕ್ಕೆ ಕಡೆಯ ದಾರಿಯನ್ನು ದೇಹ ಪಳಗಿದ ಮೇಲೆ ಹತ್ತಿ. ಅದರ ಸೊಗಸೇ ಬೇರೆ, ನಿಜ. ಆದರೆ ಮೊಣಕಾಲು ನೋಯುತ್ತಿರುವವರಿಗೆ ಸೊಗಸು ಕಾಣುವುದಿಲ್ಲ.

ಕುಕ್ಕೆಯಿಂದ ಹೋಗುವ ದಾರಿ ಹೇಗಿದೆ? ಹಂತ ಹಂತವಾಗಿ ಹೇಳುತ್ತೀರಾ?

ಊರು ದಾಟಿದ ಕೂಡಲೇ ಕಾಡು. ದೊಡ್ಡ ಮರಗಳ ನಿತ್ಯಹರಿದ್ವರ್ಣದ ಕಾಡು, ಬಿಸಿಲು ನೆಲಕ್ಕೆ ತಾಗುವುದೇ ಅಪರೂಪ. ನೆರಳಿದೆ ಎಂದು ಖುಷಿಪಡಬೇಡಿ. ಗಾಳಿಯೂ ಬರುವುದಿಲ್ಲ, ಶೆಖೆಗೆ ಬೆವರು ಇಳಿಯುತ್ತಲೇ ಇರುತ್ತದೆ. ಮರದ ಬೇರುಗಳೇ ಮೆಟ್ಟಿಲು. ಏರು ಒಂದೇ ಸಮನೆ ಇರುತ್ತದೆ. ನಡುವೆ ಭೀಮನ ಬಂಡೆ ಸಿಗುತ್ತದೆ. ಎಲ್ಲರೂ ಕೂತು ಉಸಿರು ತೆಗೆದುಕೊಳ್ಳುವ ಜಾಗ ಅದು. ಮೊದಲ ಸಲ ಬಂದವರು ಇಲ್ಲಿಗೇ ಅರ್ಧ ಬಂದೆವು ಅಂದುಕೊಳ್ಳುತ್ತಾರೆ. ಅರ್ಧವಲ್ಲ, ಇನ್ನೂ ಬಹಳ ಇದೆ.

ಐದು ಕಿಲೋಮೀಟರ್ ಆದ ಮೇಲೆ ಕಾಡು ಒಮ್ಮೆಲೇ ಬಿಟ್ಟುಕೊಟ್ಟು ಹುಲ್ಲುಗಾವಲು ಶುರು. ಇದು ಗಿರಿಗದ್ದೆ. ಇಲ್ಲಿರುವ ಭಟ್ಟರ ಮನೆ ರಾಜ್ಯದ ಚಾರಣಿಗರಿಗೆಲ್ಲ ಗೊತ್ತು. ಸುತ್ತ ಅಡಿಕೆ ತೋಟ, ಅಂಗಳ, ಕಾಡಿನಿಂದ ಇಳಿದು ಬರುವ ತಣ್ಣನೆಯ ನೀರು. ಬಂದವರಿಗೆ ಅನ್ನ, ಸಾಂಬಾರು, ಮಜ್ಜಿಗೆ ಹಾಕುತ್ತಾ ಈ ಮನೆ ದಶಕಗಳಿಂದ ನಡೆದು ಬಂದಿದೆ. ಗಾಡಿ ಹೋಗದ ಜಾಗ ಇದು, ಬೇಕಾದ ಸಾಮಾನೆಲ್ಲ ಕೆಳಗಿನಿಂದ ಹೊತ್ತೇ ಬರಬೇಕು. ನಿಮ್ಮ ಎಲೆಗೆ ಬೀಳುವ ಪ್ರತಿ ಸೌಟಿನ ಹಿಂದೆ ಆ ನಡಿಗೆ ಇದೆ. ಅನ್ನ ಚೆಲ್ಲಬೇಡಿ.

ಭಟ್ಟರ ಮನೆಯಿಂದ ಸ್ವಲ್ಪ ಮೇಲೆ ಅರಣ್ಯ ಇಲಾಖೆಯ ತಪಾಸಣಾ ಠಾಣೆ. ಅಲ್ಲಿ ಅನುಮತಿ ಪತ್ರ ನೋಡುತ್ತಾರೆ, ಬ್ಯಾಗಿನಲ್ಲಿ ಪ್ಲಾಸ್ಟಿಕ್ ಎಷ್ಟಿದೆ ಎಂದು ಪರಿಶೀಲಿಸುತ್ತಾರೆ. ಅಲ್ಲಿಂದ ಮುಂದೆ ಎಲ್ಲ ಬಯಲು. ಹುಲ್ಲಿನ ಗುಡ್ಡದ ಬೆನ್ನ ಮೇಲೆ ದಾರಿ ಸಾಗುತ್ತದೆ. ಒಂದು ಗುಡ್ಡ ಮುಗಿಯಿತು ಅನ್ನುವಾಗ ಅದರ ಹಿಂದೆ ಇನ್ನೊಂದು ಏಳುತ್ತದೆ. ಹತ್ತು ಗಂಟೆಯ ಮೇಲೆ ಈ ಭಾಗದಲ್ಲಿ ಬಿಸಿಲು ತಲೆ ಸುಡುತ್ತದೆ, ಒಂದು ಮರವೂ ಇಲ್ಲ. ಬೇಗ ಹೊರಡಿ ಎಂದು ಹೇಳುವುದು ಇದಕ್ಕೇ. ಕಾಡಿನ ಭಾಗವನ್ನು ಮುಂಜಾನೆಯ ತಂಪಿನಲ್ಲೂ, ಬಯಲನ್ನು ಬಿಸಿಲೇರುವ ಮೊದಲೂ ದಾಟಿದರೆ ಅರ್ಧ ಕಷ್ಟ ಕಳೆದಂತೆ.

ಮುಂದೆ ಕಲ್ಲು ಮಂಟಪ. ನಾಲ್ಕು ಕಂಬದ ಮೇಲೆ ಕಲ್ಲಿನ ಚಪ್ಪಡಿ ಹಾಸಿದ ಹಳೆಯ ತಂಗುದಾಣ, ಹತ್ತಿರದಲ್ಲೇ ಒಂದು ತೊರೆ. ಚಾರಣ ಎಂಬ ಹವ್ಯಾಸ ಶುರುವಾಗುವ ಮೊದಲೇ ಜನ ಈ ಬೆಟ್ಟವನ್ನು ಹರಕೆ ಹೊತ್ತು ಹತ್ತುತ್ತಿದ್ದರು ಎಂಬುದಕ್ಕೆ ಈ ಮಂಟಪವೇ ಸಾಕ್ಷಿ. ಮಂಟಪದ ಮೇಲೆ ಹೆಸರು ಕೆತ್ತಿದವರನ್ನು ನೋಡಿದರೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ.

ಮಂಟಪದಿಂದ ಏರು ಮತ್ತೆ ಬಿಗಿಯಾಗುತ್ತದೆ. ಭತ್ತದ ರಾಶಿ ಎಂದು ಕರೆಯುವ ಗುಡ್ಡ ದಾಟಿ ಶೇಷ ಪರ್ವತ. ಒಂದು ಬದಿ ನೇರ ಪ್ರಪಾತ. ಮಂಜು ಕವಿದಾಗ ಅಂಚು ಎಲ್ಲಿದೆ ಎಂದೇ ತಿಳಿಯುವುದಿಲ್ಲ, ಫೋಟೋಗಾಗಿ ಹಿಂದೆ ಹಿಂದೆ ಹೆಜ್ಜೆ ಇಡುವುದು ಇಲ್ಲಿ ಬೇಡವೇ ಬೇಡ. ಶೇಷ ಪರ್ವತದಿಂದ ದಾರಿ ಕೆಳಗಿಳಿದು ಶೋಲಾ ಕಾಡೊಂದನ್ನು (ಹುಲ್ಲುಗಾವಲಿನ ನಡುವಿನ ಕಣಿವೆಯಲ್ಲಿ ಬೆಳೆಯುವ ಗಿಡ್ಡ ಮರಗಳ ದಟ್ಟ ಕಾಡು) ಹೊಕ್ಕು, ಬಂಡೆಯ ಮೈ ಏರಿ, ತುದಿ ಮುಟ್ಟುತ್ತದೆ. ಮಳೆ ಬಿದ್ದ ಮೇಲೆ ಆ ಬಂಡೆ ಪಾಚಿ ಕಟ್ಟಿ ಜಾರುತ್ತದೆ. ತುದಿ ಅಗಲವಾದ ಬಯಲು. ಕಲ್ಲು ಜೋಡಿಸಿದ ಸಣ್ಣ ಪೂಜಾ ಸ್ಥಳವಿದೆ, ಅಲ್ಲಿ ಚಪ್ಪಲಿ ಬಿಟ್ಟು ನಡೆಯಿರಿ.

ಸೋಮವಾರಪೇಟೆ ಕಡೆಯ ದಾರಿ?

ಸೋಮವಾರಪೇಟೆಯಿಂದ ಶಾಂತಳ್ಳಿ ಮೇಲೆ ಬೀದಳ್ಳಿಗೆ ಬರಬೇಕು, ಸುಮಾರು 25 ಕಿಲೋಮೀಟರ್. ಕಾಫಿ, ಏಲಕ್ಕಿ ತೋಟಗಳ ನಡುವಿನ ಸಣ್ಣ ರಸ್ತೆ. ಶಾಂತ ಮಲ್ಲಿಕಾರ್ಜುನ ದೇವಸ್ಥಾನದ ಹತ್ತಿರದಿಂದ ನಡಿಗೆ, ಮುಂದೆ ಅರಣ್ಯ ಇಲಾಖೆಯ ಠಾಣೆ. ದಾರಿಯ ಬಹುಪಾಲು ಕಾಡಿನೊಳಗೇ ಇರುವುದರಿಂದ ಬಿಸಿಲಿನ ಕಾಟ ಕಡಿಮೆ, ಇಂಬಳದ ಕಾಟ ಜಾಸ್ತಿ. ಕೊನೆಗೆ ದೊಡ್ಡ ಹಾಸುಬಂಡೆಗಳು ಬರುತ್ತವೆ. ಒಣಗಿದ್ದರೆ ಹತ್ತುವುದು ಸುಲಭ, ಒದ್ದೆಯಾಗಿದ್ದರೆ ಕೈಯೂ ಊರಿ ಹತ್ತಬೇಕು.

ಒಂದೇ ದಿನದಲ್ಲಿ ಹೋಗಿ ಬರಬಹುದಾ?

ಬೀದಳ್ಳಿ ಕಡೆಯಿಂದ ಖಂಡಿತ ಬರಬಹುದು. ಕುಕ್ಕೆಯಿಂದಲೂ ಬರುವವರಿದ್ದಾರೆ, ಆದರೆ 26 ಕಿಲೋಮೀಟರ್ ನಡಿಗೆ ಎಂಬುದು ನೆನಪಿರಲಿ. ಹತ್ತಲು ಆರೇಳು ಗಂಟೆ, ಇಳಿಯಲು ಐದಾರು ಗಂಟೆ ಎಂದು ಲೆಕ್ಕ ಹಾಕಿದರೆ ಚಳಿಗಾಲದ ಹಗಲು ಪೂರ್ತಿ ಮುಗಿಯುತ್ತದೆ. ಮೊದಲೆಲ್ಲ ಜನ ಗಿರಿಗದ್ದೆಯಲ್ಲಿ ರಾತ್ರಿ ತಂಗಿ, ಎರಡು ದಿನದಲ್ಲಿ ಮುಗಿಸುತ್ತಿದ್ದರು. ಈಗ ಬೆಟ್ಟದ ಮೇಲೆ ಟೆಂಟು ಹಾಕಲು ಬಿಡುವುದಿಲ್ಲ.

ಒಂದು ಕಡೆ ಹತ್ತಿ ಇನ್ನೊಂದು ಕಡೆ ಇಳಿಯುವುದೂ ಚೆನ್ನಾಗಿರುತ್ತದೆ, ಒಟ್ಟು 20 ಕಿಲೋಮೀಟರ್. ಅದಕ್ಕೆ ಅನುಮತಿ ಇದೆಯೇ ಎಂದು ಮೊದಲೇ ಕೇಳಿಕೊಳ್ಳಿ, ಗಾಡಿಯ ವ್ಯವಸ್ಥೆಯನ್ನೂ ಮಾಡಿಕೊಳ್ಳಿ. ಬೀದಳ್ಳಿಯಿಂದ ಹತ್ತಿ ಕುಕ್ಕೆಗೆ ಇಳಿದರೆ ಏರು ಕಡಿಮೆ, ಆದರೆ 1,600 ಮೀಟರ್ ಇಳಿಜಾರು ಮೊಣಕಾಲನ್ನು ಚೆನ್ನಾಗಿಯೇ ಪರೀಕ್ಷಿಸುತ್ತದೆ.

ಮಧ್ಯಾಹ್ನ ಆದರೂ ಶೇಷ ಪರ್ವತ ಮುಟ್ಟದಿದ್ದರೆ ಏನು ಮಾಡಬೇಕು?

ತಿರುಗಬೇಕು. ಹೊರಡುವಾಗಲೇ ಇಡೀ ಗುಂಪು ಸೇರಿ ಒಂದು ಗಂಟೆ ಗೊತ್ತು ಮಾಡಿಕೊಳ್ಳಿ. ಕುಕ್ಕೆ ಕಡೆಯಿಂದಾದರೆ ಹನ್ನೆರಡು ಗಂಟೆಯ ಆಸುಪಾಸು ಸರಿ. ಆ ಹೊತ್ತಿಗೆ ಎಲ್ಲಿದ್ದೀರೋ ಅಲ್ಲಿಂದ ಇಳಿಯಲು ಶುರು ಮಾಡಿ. ಇಳಿಯುವಾಗ ಕೊನೆಗೆ ಸಿಗುವುದು ದಟ್ಟ ಕಾಡು. ಬಯಲಿನಲ್ಲಿ ಬೆಳಕಿದ್ದರೂ ಆ ಮರಗಳ ಕೆಳಗೆ ಐದೂವರೆಗೇ ಕತ್ತಲು. ಬೇರುಗಳು ಕಾಣುವುದಿಲ್ಲ, ಆನೆ ಓಡಾಡುವ ಹೊತ್ತೂ ಅದೇ. ಶೇಷ ಪರ್ವತದವರೆಗೆ ಹೋಗಿ ಬಂದವರಿಗೂ ಬೆಟ್ಟದ ಬಹುಪಾಲು ಸಿಕ್ಕಿರುತ್ತದೆ. ಗುಂಪಿನಲ್ಲಿ ಒಬ್ಬರು ಸೋತರೆ ಅವರನ್ನು ಒಬ್ಬರೇ ಕೂರಿಸಿ ಉಳಿದವರು ಮುಂದೆ ಹೋಗುವುದು ಮಾತ್ರ ಯಾವ ಕಾರಣಕ್ಕೂ ಸರಿಯಲ್ಲ.

ಅನುಮತಿ ಹೇಗೆ ಪಡೆಯುವುದು?

2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಸಾವಿರಾರು ಜನ ಒಟ್ಟಿಗೆ ಬಂದು, ಕಾಡಿನ ದಾರಿಯಲ್ಲಿ ಸಾಲುಗಟ್ಟಿ ನಿಂತ ಚಿತ್ರಗಳು ಎಲ್ಲ ಕಡೆ ಹರಿದಾಡಿದವು. ಅದಾದ ಮೇಲೆ ಸರ್ಕಾರ ಚಾರಣ ನಿಲ್ಲಿಸಿತು. ಆಮೇಲೆ ಆನ್‌ಲೈನ್ ಬುಕಿಂಗ್ ಜಾರಿಗೆ ತಂದು, ದಿನಕ್ಕೆ ಇಷ್ಟೇ ಜನ ಎಂದು ಮಿತಿ ಹಾಕಿತು. ಈಗ ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ಮೊದಲೇ ಟಿಕೆಟ್ ಮಾಡಿಸಬೇಕು. ಹೊರಡುವ ವಾರದಲ್ಲಿ ನಿಯಮ, ಶುಲ್ಕ, ಒಳಬಿಡುವ ಸಮಯ ಮೂರನ್ನೂ ಅಲ್ಲೇ ನೋಡಿಕೊಳ್ಳಿ, ಬದಲಾಗುತ್ತಿರುತ್ತವೆ. ಮಿತಿ ಹಾಕಿದ್ದು ಒಳ್ಳೆಯದೇ ಆಯಿತು. ಕಾಲಿನ ಅಡಿಯ ಮಣ್ಣಿಗೂ ತಾಳಿಕೊಳ್ಳುವ ಶಕ್ತಿ ಇಷ್ಟೇ ಅಂತ ಇರುತ್ತದೆ.

ಯಾವ ತಿಂಗಳು ಒಳ್ಳೆಯದು?

ಅಕ್ಟೋಬರ್‌ನಿಂದ ಜನವರಿ. ಅಕ್ಟೋಬರ್, ನವೆಂಬರ್‌ನಲ್ಲಿ ಹುಲ್ಲು ಹಸಿರಾಗಿರುತ್ತದೆ, ತೊರೆಗಳಲ್ಲಿ ನೀರಿರುತ್ತದೆ. ಡಿಸೆಂಬರ್ ಹೊತ್ತಿಗೆ ಹುಲ್ಲು ಹೊಂಬಣ್ಣಕ್ಕೆ ತಿರುಗುತ್ತದೆ, ಆಕಾಶ ತಿಳಿಯಾಗಿ ದೂರದವರೆಗೂ ನೋಟ ಸಿಗುತ್ತದೆ. ನನಗಿಷ್ಟ ನವೆಂಬರ್.

ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ದಾರಿ ಮುಚ್ಚುತ್ತಾರೆ. ಒಣಗಿದ ಹುಲ್ಲಿಗೆ ಒಂದು ಬೀಡಿ ಸಾಕು, ಗಾಳಿಯಿದ್ದರೆ ಗುಡ್ಡಕ್ಕೆ ಗುಡ್ಡವೇ ಉರಿಯುತ್ತದೆ. ಮಳೆಗಾಲದಲ್ಲೂ ಬಂದ್. ವರ್ಷಕ್ಕೆ 4,000 ಮಿಲಿಮೀಟರ್ ದಾಟುವ ಮಳೆ ಸುರಿಯುವ ಸೀಮೆ ಇದು, ತೊರೆಗಳು ಗಳಿಗೆಯಲ್ಲಿ ಉಕ್ಕುತ್ತವೆ. ಮುಚ್ಚಿದಾಗ ಕಳ್ಳದಾರಿ ತೋರಿಸುತ್ತೇವೆ ಎನ್ನುವವರ ಜೊತೆ ಹೋಗಬೇಡಿ.

ಇಂಬಳಕ್ಕೆ ಏನು ಮಾಡುವುದು?

ಉಪ್ಪು, ನಿಂಬೆಹಣ್ಣು, ಡೆಟಾಲ್, ಬೇವಿನೆಣ್ಣೆ, ಯಾವುದಾದರೂ ಆಗಬಹುದು. ಪ್ಯಾಂಟಿನ ತುದಿಯನ್ನು ಸಾಕ್ಸ್ ಒಳಗೆ ಸೇರಿಸಿ, ಕಾಡಿನ ಭಾಗದಲ್ಲಿ ಜಾಸ್ತಿ ಹೊತ್ತು ನಿಲ್ಲಬೇಡಿ. ಕಚ್ಚಿದರೆ ನೋವಿಲ್ಲ, ರಕ್ತ ಸ್ವಲ್ಪ ಹೊತ್ತು ಹರಿಯುತ್ತದೆ ಅಷ್ಟೇ. ಎಳೆದು ಕೀಳುವುದಕ್ಕಿಂತ ಉಗುರಿನಿಂದ ಮೆಲ್ಲಗೆ ಸರಿಸುವುದು ಮೇಲು.

ಕಾಡುಪ್ರಾಣಿಗಳಿವೆಯಾ?

ಇವೆ, ಅದು ಅವುಗಳ ಮನೆ. ಆನೆ, ಕಾಟಿ, ಕಡವೆ, ಕೆಂಜಳಿಲು, ಕಾಳಿಂಗ ಸರ್ಪ ಎಲ್ಲ ಇವೆ. ಹಗಲು ಗುಂಪಾಗಿ ಹೋಗುವವರಿಗೆ ಕಾಣುವುದು ಕಡಿಮೆ. ಹಸಿ ಲದ್ದಿ ಕಂಡರೆ, ಕೊಂಬೆ ಮುರಿಯುವ ಸದ್ದು ಕೇಳಿದರೆ ನಿಲ್ಲಿ, ಸದ್ದಿಲ್ಲದೆ ಬಂದ ದಾರಿಯಲ್ಲೇ ಹಿಂದೆ ಸರಿಯಿರಿ. ಹಕ್ಕಿ ನೋಡುವವರಿಗಂತೂ ಇದು ಹಬ್ಬ. ಮಂಗಟ್ಟೆಯ ರೆಕ್ಕೆಯ ಸದ್ದು ಕಾಡಿನೊಳಗೆ ದೂರದಿಂದಲೇ ಕೇಳುತ್ತದೆ. ನೀಲಗಿರಿ ಮರಪಾರಿವಾಳದಂಥ, ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲದ ಹಕ್ಕಿಗಳೂ ಇಲ್ಲಿವೆ. ಬ್ಲೂಟೂತ್ ಸ್ಪೀಕರ್ ಮನೆಯಲ್ಲೇ ಇರಲಿ.

ನೀರು, ಊಟ, ಬ್ಯಾಗು?

ತಲೆಗೆ ಕನಿಷ್ಠ ಮೂರು ಲೀಟರ್ ನೀರು. ಗಿರಿಗದ್ದೆಯಲ್ಲಿ ಮತ್ತು ಕಲ್ಲು ಮಂಟಪದ ಹತ್ತಿರ ತುಂಬಿಸಿಕೊಳ್ಳಬಹುದು. ಆದರೆ ಜನವರಿ ಮುಗಿಯುತ್ತಿದ್ದಂತೆ ಮಂಟಪದ ತೊರೆಯನ್ನು ನಂಬುವಂತಿಲ್ಲ. ತಿನ್ನಲು ಬೆಲ್ಲ, ಶೇಂಗಾ, ಬಾಳೆಹಣ್ಣು, ಚಪಾತಿ. ಟೋಪಿ, ಟಾರ್ಚು, ಮಳೆ ಅಂಗಿ, ಗಟ್ಟಿ ಹಿಡಿತದ ಶೂ. ಮೊಬೈಲ್ ಸಿಗ್ನಲ್ ಮೇಲೆ ಭರವಸೆ ಇಡಬೇಡಿ, ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಎಂದು ಮನೆಯವರಿಗೆ ಮೊದಲೇ ತಿಳಿಸಿ.

ಬೆಟ್ಟಕ್ಕೂ ಕುಕ್ಕೆಯ ದೇವರಿಗೂ ಏನು ಸಂಬಂಧ?

ತಾರಕಾಸುರ, ಶೂರಪದ್ಮ ಮೊದಲಾದವರನ್ನು ಕೊಂದ ಮೇಲೆ ಕುಮಾರಸ್ವಾಮಿ ಅಣ್ಣ ಗಣಪತಿಯ ಜೊತೆ ಈ ಬೆಟ್ಟಕ್ಕೆ ಬಂದ ಎಂಬುದು ಸ್ಥಳಪುರಾಣ. ರಕ್ತವಾದ ತನ್ನ ಶಕ್ತಿ ಆಯುಧವನ್ನು ಕೆಳಗಿನ ಹೊಳೆಯಲ್ಲಿ ತೊಳೆದ, ಆ ಹೊಳೆಯೇ ಕುಮಾರಧಾರಾ. ಇಂದ್ರ ತನ್ನ ಮಗಳು ದೇವಸೇನೆಯನ್ನು ಇಲ್ಲೇ ಧಾರೆ ಎರೆದು ಕೊಟ್ಟ. ಗರುಡನ ಭಯದಿಂದ ಬಿಲದಲ್ಲಿ ತಪಸ್ಸಿಗೆ ಕೂತಿದ್ದ ವಾಸುಕಿಗೆ ಅಭಯ ಸಿಕ್ಕಿದ್ದೂ ಇಲ್ಲೇ. ಅದಕ್ಕೇ ಕುಕ್ಕೆಯಲ್ಲಿ ಸುಬ್ರಹ್ಮಣ್ಯನಿಗೂ ನಾಗನಿಗೂ ಒಟ್ಟಿಗೆ ಪೂಜೆ. ಊರಿನವರು ಬೆರಳು ಮಾಡಿ ತೋರಿಸುವ ಹೆಡೆಯಾಕಾರದ ಬೆಟ್ಟ ಬಹುಪಾಲು ಶೇಷ ಪರ್ವತವೇ. ನಿಜವಾದ ತುದಿ ಅದರ ಹಿಂದಿದೆ.

ಮಾಧ್ವ ಪರಂಪರೆಯವರಿಗೂ ಈ ಬೆಟ್ಟ ದೊಡ್ಡದು. 13ನೇ ಶತಮಾನದಲ್ಲಿ ಮಧ್ವಾಚಾರ್ಯರ ತಮ್ಮ ವಿಷ್ಣುತೀರ್ಥರು ಕುಮಾರ ಪರ್ವತದಲ್ಲಿ ತಪಸ್ಸು ಮಾಡಿದರು ಎಂದು ಆ ಪರಂಪರೆ ಹೇಳುತ್ತದೆ. ಕುಕ್ಕೆಯ ಸುಬ್ರಹ್ಮಣ್ಯ ಮಠದ ಮೂಲವೂ ಅವರೇ.

ಬೆಟ್ಟದಲ್ಲಿ ಆರು ಮೂಲೆಯ ಕಲ್ಲು ಸಿಗುತ್ತದಂತೆ, ನಿಜವಾ?

ಸಿಗುತ್ತದೆ ಎಂದು ಸ್ಥಳೀಯರು ಹೇಳುತ್ತಾರೆ. ಅದನ್ನು ಕುಮಾರ ಲಿಂಗ ಎಂದು ಭಾವಿಸಿ ಪೂಜಿಸುತ್ತಾರೆ. ಆದರೆ ವನ್ಯಜೀವಿಧಾಮದಿಂದ ಒಂದು ಕಲ್ಲನ್ನೂ, ಒಂದು ಗಿಡವನ್ನೂ ತರುವಂತಿಲ್ಲ. ಈ ಸಾಲಿನ ಬುಡದ ಕಾಡುಗಳಲ್ಲಿ ಹರಳು ಕಲ್ಲಿಗಾಗಿ ಕಳ್ಳತನದಿಂದ ನೆಲ ಬಗೆದು ಗುಂಡಿ ಮಾಡಿದವರಿಂದ ಈಗಾಗಲೇ ಸಾಕಷ್ಟು ಹಾನಿ ಆಗಿದೆ.

ಬೆಟ್ಟದ ಮೂಲ ಜನ ಯಾರು?

ಮಲೆಕುಡಿಯರು. ಈ ಘಟ್ಟದ ತಪ್ಪಲಿನಲ್ಲಿ ಕಾಡನ್ನು ನಂಬಿ ಬಾಳಿದ ಆದಿವಾಸಿ ಸಮುದಾಯ. ಕುಕ್ಕೆಯ ದೊಡ್ಡ ಹಬ್ಬ ಮಾರ್ಗಶಿರ ಮಾಸದ ಚಂಪಾ ಷಷ್ಠಿ. ಅಂದು ಎಳೆಯುವ ಬ್ರಹ್ಮರಥವನ್ನು ಕಟ್ಟುವವರು ಇವರೇ. ಹಗ್ಗ ಬಳಸುವುದಿಲ್ಲ, ಕಾಡಿನಿಂದ ತಂದ ಬೆತ್ತ, ಬಿದಿರಿನಲ್ಲೇ ಬಿಗಿಯುತ್ತಾರೆ. ರಥ ಎಳೆಯುವುದೂ ಬೆತ್ತದಿಂದಲೇ. ಉತ್ಸವ ಮುಗಿದ ಮೇಲೆ ಆ ಬೆತ್ತದ ತುಂಡನ್ನು ಭಕ್ತರು ಪ್ರಸಾದವೆಂದು ಮನೆಗೆ ಒಯ್ಯುತ್ತಾರೆ. ಅಷ್ಟು ಎತ್ತರದ ರಥ ಬೆತ್ತದ ಬಿಗಿಯಲ್ಲಿ ನಿಲ್ಲಬೇಕಾದರೆ ಯಾವ ಬೆತ್ತ ಬಲಿತಿದೆ, ಯಾವುದು ಬಾಗುತ್ತದೆ ಎಂದು ತಿಳಿದಿರಬೇಕು. ಆ ತಿಳಿವಳಿಕೆ ತಲೆಮಾರಿನಿಂದ ತಲೆಮಾರಿಗೆ ಕೈಯಿಂದ ಕೈಗೆ ಬಂದದ್ದು. ಕುಮಾರ ಪರ್ವತದ ಬಗ್ಗೆ ಬರೆಯುವವರು ಇವರನ್ನು ಮರೆಯುವುದೇ ಜಾಸ್ತಿ.

ಬೆಟ್ಟದ ಸುತ್ತಲಿನ ಸೀಮೆಗೆ ಇತಿಹಾಸದಲ್ಲಿ ಏನು ಜಾಗ?

ಕೊಡಗಿನ ರಾಜರ ಆಳ್ವಿಕೆ ಘಟ್ಟದ ಮೇಲಷ್ಟೇ ಇರಲಿಲ್ಲ, ಕೆಳಗಿನ ಅಮರ ಸುಳ್ಯ ಸೀಮೆಯೂ ಅವರದಾಗಿತ್ತು. 1834ರಲ್ಲಿ ಬ್ರಿಟಿಷರು ಕೊಡಗನ್ನು ಕಸಿದುಕೊಂಡಾಗ ಘಟ್ಟದ ಕೆಳಗಿನ ಭಾಗವನ್ನು ಕತ್ತರಿಸಿ ತಮ್ಮ ಕರಾವಳಿ ಜಿಲ್ಲೆಯಾದ ಕೆನರಾಕ್ಕೆ ಸೇರಿಸಿದರು. ಅಲ್ಲಿಯವರೆಗೆ ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ಹಣದಲ್ಲಿ ಕಟ್ಟಬೇಕಾಯಿತು. ರೈತರಿಗೆ ಇದು ತಡೆಯಲಾಗದ ಹೊರೆ. 1837ರಲ್ಲಿ ಅವರು ದಂಗೆ ಎದ್ದರು. ಕೊಡಗಿನ ರಾಜವಂಶದವನೆಂದು ಹೇಳಲಾದ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಸೇರಿದ ದಂಡು ಏಪ್ರಿಲ್‌ನಲ್ಲಿ ಮಂಗಳೂರನ್ನೇ ಹಿಡಿದು ಕೆಲವು ದಿನ ಇಟ್ಟುಕೊಂಡಿತ್ತು. 1857ಕ್ಕಿಂತ ಇಪ್ಪತ್ತು ವರ್ಷ ಮೊದಲಿನ ಮಾತು ಇದು. ಶೇಷ ಪರ್ವತದ ಮೇಲೆ ನಿಂತು ಪಡುವಣಕ್ಕೆ ನೋಡಿದರೆ ಆ ಸೀಮೆಯ ಕಾಡು, ತೋಟ ಎಲ್ಲ ಕೆಳಗೆ ಹರಡಿರುತ್ತದೆ.

ಇಲ್ಲಿಂದ ಯಾವ ನದಿ ಹುಟ್ಟುತ್ತದೆ?

ಕುಮಾರಧಾರಾ. ಕೊಡಗಿನ ಬದಿಯಲ್ಲಿ ಮಲ್ಲಳ್ಳಿ ಜಲಪಾತವಾಗಿ ಸುಮಾರು 60 ಮೀಟರ್ ಧುಮುಕಿ, ಘಟ್ಟ ಇಳಿದು, ಸುಬ್ರಹ್ಮಣ್ಯದಲ್ಲಿ ಭಕ್ತರಿಗೆ ಸ್ನಾನದ ನೀರಾಗಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ನೇತ್ರಾವತಿ ಮಂಗಳೂರಿನಲ್ಲಿ ಕಡಲಿಗೆ. ಬೇಸಿಗೆಯಲ್ಲೂ ಈ ಹೊಳೆ ಹರಿಯಲು ಕಾರಣ ಮೇಲಿನ ಹುಲ್ಲು ಮತ್ತು ಶೋಲಾ ಕಾಡು. ಮಳೆಯ ನೀರನ್ನು ಹಿಡಿದಿಟ್ಟು ತಿಂಗಳುಗಟ್ಟಲೆ ಮೆಲ್ಲಗೆ ಬಿಡುವುದು ಅವುಗಳ ಕೆಲಸ. ಗುಂಪುಗುಂಪಾಗಿ ದಾರಿ ಬಿಟ್ಟು ಹುಲ್ಲು ತುಳಿದಾಗ ಮಣ್ಣು ಗಟ್ಟಿಯಾಗಿ ನೀರು ಇಂಗದೆ ಹರಿದುಹೋಗುತ್ತದೆ. ಆದ್ದರಿಂದ ಇರುವ ಕಾಲುದಾರಿಯಲ್ಲೇ ನಡೆಯಿರಿ.

ಕುಕ್ಕೆಗೆ ತಲುಪುವುದು ಹೇಗೆ?

ಬೆಂಗಳೂರು, ಮೈಸೂರು, ಮಂಗಳೂರಿನಿಂದ ಸರ್ಕಾರಿ ಬಸ್ ಇದೆ. ರೈಲಾದರೆ ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಿ ಇಳಿಯಬೇಕು, ಅದು ನೆಟ್ಟಣದಲ್ಲಿದೆ, ದೇವಸ್ಥಾನಕ್ಕೆ ಅಲ್ಲಿಂದ ಸುಮಾರು 12 ಕಿಲೋಮೀಟರ್. ಸಕಲೇಶಪುರದಿಂದ ಹಗಲು ರೈಲಿನಲ್ಲಿ ಬಂದರೆ ಸುಮಾರು 55 ಕಿಲೋಮೀಟರ್ ಘಟ್ಟದ ಹಾದಿಯಲ್ಲಿ 57 ಸುರಂಗ ದಾಟುತ್ತೀರಿ. ಚಂಪಾ ಷಷ್ಠಿಯ ಆಸುಪಾಸಿನಲ್ಲಿ ಕೋಣೆ ಸಿಗುವುದು ಕಷ್ಟ.

ಹತ್ತಲು ಆಗದವರು ಬೆಟ್ಟವನ್ನು ಎಲ್ಲಿಂದ ನೋಡಬಹುದು?

ಬಿಸಿಲೆ ವ್ಯೂ ಪಾಯಿಂಟ್‌ನಿಂದ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಬಿಸಿಲೆ ಘಾಟಿಯ ದಾರಿಯಲ್ಲೇ ಇದೆ. ಕಣಿವೆಯ ಆಚೆ ಇಡೀ ಬೆಟ್ಟ ಬುಡದಿಂದ ತುದಿಯವರೆಗೆ ಕಾಣುತ್ತದೆ. ಹತ್ತಿದವರಿಗೂ ಈ ನೋಟ ಸಿಕ್ಕಿರುವುದಿಲ್ಲ. ಬೆಳಗ್ಗೆ ಎಂಟು ಗಂಟೆಯೊಳಗೆ ಹೋಗಿ, ಆಮೇಲೆ ಮೋಡ ಏರುತ್ತದೆ. ಅದೇ ದಾರಿಯಲ್ಲಿ ಮಂಕನಹಳ್ಳಿಯ ಹತ್ತಿರ ಒಂದು ದಿಣ್ಣೆ ಇದೆ. ಅದರ ಒಂದು ಬದಿಗೆ ಬಿದ್ದ ಮಳೆ ಕುಮಾರಧಾರಾ ಸೇರಿ ಅರಬ್ಬೀ ಸಮುದ್ರಕ್ಕೆ, ಇನ್ನೊಂದು ಬದಿಯದು ಹೇಮಾವತಿ, ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ. ವಯಸ್ಸಾದವರನ್ನು, ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಈ ಎರಡು ಜಾಗ ನೋಡಿ, ಸಂಜೆಗೆ ಕುಕ್ಕೆಗೆ ಇಳಿಯಬಹುದು. ಘಾಟಿಯಲ್ಲಿ ಊಟದ ವ್ಯವಸ್ಥೆ ಕಡಿಮೆ, ಬುತ್ತಿ ಕಟ್ಟಿಕೊಂಡು ಹೊರಡಿ.